ಹಲಗೆ ಖಾಲಿಯಾಗುವವರೆಗೆ

ಹಿತ್ತಾಳೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿದ ಕೈಗೆ ಒಂದು ವಾಸನೆ ಅಂಟಿಕೊಳ್ಳುತ್ತದೆ. ಸೋಪು ಹಾಕಿ ತೊಳೆದರೂ ಹೋಗುವುದಿಲ್ಲ. ಹುಳಿ, ಲೋಹ, ಸ್ವಲ್ಪ ರಕ್ತ ಎಂದು ಬರೆದು, ಆಮೇಲೆ ರಕ್ತವನ್ನು ಹೊಡೆದುಹಾಕಿದೆ. ಒಂದು ವಾಸನೆಯನ್ನು ಅಷ್ಟು ದೊಡ್ಡದು ಮಾಡಬೇಕಾಗಿಲ್ಲ. ಈ ಬೆಳಿಗ್ಗೆ ನಾನು ಉಜ್ಜಿದ್ದು ದೇವರ ದೀಪವನ್ನಲ್ಲ, ಅಂಗೈಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕದೊಂದು ಬಿಲ್ಲೆಯನ್ನು. ನಿನ್ನ ಬಿಲ್ಲೆ ಹೊಳೆಯುತ್ತದೆ, ನನ್ನದು ಮಂಕಾಗಿದೆ ಎಂದು ಎಂಬತ್ತೆರಡು ವರ್ಷದ ಅಪ್ಪ ನಿನ್ನೆಯಿಂದ ತಗಾದೆ ತೆಗೆದಿದ್ದ. ಐವತ್ತನಾಲ್ಕು ವರ್ಷದ ಮಗಳು ತನ್ನ ಭಾನುವಾರವನ್ನು ಹೀಗೆ ಶುರುಮಾಡುತ್ತಾಳೆ. ನೀವು ನಗಬಹುದು. ಈ ಬಿಲ್ಲೆಗಳ ವ್ಯವಹಾರಕ್ಕೆ ಮೊದಲ ಕೆಲವು ವರ್ಷ ನಾನೂ ನಕ್ಕಿದ್ದೇನೆ.

ಬಿಲ್ಲೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅಪ್ಪ ಬೂದಿಕೋಟೆ ಕಡೆಯ ಹಳ್ಳಿಯಿಂದ ಬಂದು ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿದವನು. ಆದರೆ ಗಣಿಗೆ ಇಳಿದವನಲ್ಲ. ದೀಪದ ಕೋಣೆಯ ಕಿಟಕಿಯಲ್ಲಿ ಕೂರುತ್ತಿದ್ದವನು. ಕೆಳಗೆ ಇಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು ದೀಪ ತೆಗೆದುಕೊಳ್ಳಬೇಕು. ಅಪ್ಪ ಆ ಬಿಲ್ಲೆಯನ್ನು ಹಲಗೆಯ ಮೊಳೆಗೆ ನೇತುಹಾಕುತ್ತಿದ್ದ. ಪಾಳಿ ಮುಗಿಸಿ ಮೇಲೆ ಬಂದವನು ದೀಪ ಕೊಟ್ಟು ಬಿಲ್ಲೆಯನ್ನು ವಾಪಸು ಪಡೆಯಬೇಕು. ಹಲಗೆಯ ಮೇಲೆ ಒಂದೇ ಒಂದು ಬಿಲ್ಲೆ ಉಳಿದಿದ್ದರೂ ಒಬ್ಬ ಮನುಷ್ಯ ಇನ್ನೂ ನೆಲದೊಳಗಿದ್ದಾನೆ ಎಂದರ್ಥ. ಹಲಗೆ ಖಾಲಿಯಾಗುವವರೆಗೆ ಅಪ್ಪ ಬುತ್ತಿ ಬಿಚ್ಚುತ್ತಿರಲಿಲ್ಲವಂತೆ. ಇದು ಗಣಿಯ ನಿಯಮವೋ ಅಪ್ಪನ ನಿಯಮವೋ ನನಗೆ ಗೊತ್ತಿಲ್ಲ. ಕೇಳಿದರೆ, ಎರಡಕ್ಕೂ ಏನು ವ್ಯತ್ಯಾಸ ಎಂಬಂತೆ ನೋಡುತ್ತಾನೆ.

ಗಣಿ ಮುಚ್ಚಿತು, ಹಲಗೆ ಮಾತ್ರ ಮನೆಗೆ ಬಂತು. ಗಣಿಯವರಿಗೆಂದು ಸಾಲಾಗಿ ಕಟ್ಟಿದ ನಮ್ಮ ಲೈನ್ ಮನೆಯ ಮುಂಬಾಗಿಲ ಒಳಗಡೆ, ಲೈಟಿನ ಸ್ವಿಚ್ಚಿನ ಪಕ್ಕದಲ್ಲಿ ಆರು ಮೊಳೆಯ ಹಲಗೆ. ಅದರ ಕೆಳಗೆ ಸ್ಟೂಲಿನ ಮೇಲೊಂದು ಸ್ಟೀಲ್ ಬಟ್ಟಲು. ಹೊರಗೆ ಹೊರಟವರು ಬಟ್ಟಲಿನಿಂದ ತಮ್ಮ ಬಿಲ್ಲೆ ತೆಗೆದು ಮೊಳೆಗೆ ಹಾಕಬೇಕು. ಮನೆಗೆ ಬಂದ ಮೇಲೆ ಮೊಳೆಯಿಂದ ತೆಗೆದು ಬಟ್ಟಲಿಗೆ ಹಾಕಬೇಕು. ಹಾಕಿದಾಗ ಟಣ್ ಎನ್ನುತ್ತದೆ. ಆ ಸದ್ದು ಕೇಳಿದ ಮೇಲೆಯೇ ಅಪ್ಪ ಊಟಕ್ಕೆ ಕೂರುವುದು.

ಈ ಹಲಗೆ ಯಾವಾಗ ಬಂತು ಎಂಬ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ನಾನು ಹಿಂತಿರುಗಿ ಬಂದ ದಿನವೇ ಅಪ್ಪ ಮೊಳೆ ಹೊಡೆಯುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ: ಬಾಯಲ್ಲಿ ಎರಡು ಮೊಳೆ, ಕಿವಿಯ ಹಿಂದೆ ಪೆನ್ಸಿಲು. ಅಮ್ಮನೇ ಕೇಳಿ ಹಾಕಿಸಿಕೊಂಡಳು, ಅವಳು ಪೇಟೆಗೆ ಹೋದರೆ ಹೊತ್ತು ಮರೆಯುತ್ತಿದ್ದಳು ಎನ್ನುತ್ತಾನೆ ಅಪ್ಪ. ಪಕ್ಕದ ಮನೆಯ ಸೆಲ್ವಿ ಅಕ್ಕನ ಪ್ರಕಾರ ಅದು ಮೊದಲಿನಿಂದಲೂ ಇತ್ತು, ಅದರ ಮೇಲೆ ಟವಲು ಒಣಗುತ್ತಿತ್ತು. ಕಣ್ಣಿಗೆ ಕಟ್ಟಿದಂತಿರುವ ನೆನಪುಗಳನ್ನು ನಾನು ನಂಬುವುದಿಲ್ಲ. ಪೆನ್ಸಿಲು ತೀರಾ ಚೆನ್ನಾಗಿ ಕೂತಿದೆ. ಬಹುಶಃ ಅದನ್ನು ನಾನೇ ಸಿಕ್ಕಿಸಿರಬೇಕು.

ಅಮ್ಮನ ಬಿಲ್ಲೆ ಬಟ್ಟಲಿನಲ್ಲಿದೆ. ಅಂದರೆ ಅಪ್ಪನ ಪ್ರಕಾರ ಅವಳು ಮನೆಯೊಳಗಿದ್ದಾಳೆ. ಈ ಬಗ್ಗೆ ನಾನು ಎಂದೂ ಪ್ರಶ್ನೆ ಎತ್ತಿಲ್ಲ.

ಅಮ್ಮ ತೀರಿಹೋದ ಮೇಲೆ ಅಪ್ಪನ ಜೊತೆ ಎರಡು ತಿಂಗಳು ಇದ್ದು ಹೋಗೋಣವೆಂದು ನಾನು ಕೋಲಾರದ ಕೋಣೆಗೆ ಬೀಗ ಹಾಕಿ ಬಂದೆ. ಅದಾಗಿ ಹದಿನಾಲ್ಕು ವರ್ಷ. ಅದಕ್ಕೂ ಮೊದಲು ಗಂಡ ಎಂಬುವವನೊಬ್ಬ ಇದ್ದ. ಈ ಬರಹದಲ್ಲಿ ಅವನಿಗೆ ಬಿಲ್ಲೆಯಿಲ್ಲ. ಬಂದ ಮಾರನೆಯ ದಿನ ಅಪ್ಪ ನನ್ನ ಕೈಗೆ ೪೧೭ನೆಯ ಬಿಲ್ಲೆ ಕೊಟ್ಟ. ಆ ನಂಬರು ಮೊದಲು ಯಾರದಾಗಿತ್ತು ಎಂದು ಕೇಳಿದೆ. ಯಾವನೋ ಒಬ್ಬ, ದಿನಾ ಸರಿಯಾಗಿ ಮೇಲೆ ಬರುತ್ತಿದ್ದ ಎಂದ. ಅವನ ಹೆಸರು ಹೇಳಲಿಲ್ಲ. ಉಪದೇಶ ಮಾತ್ರ ನನಗೆ ಅರ್ಥವಾಯಿತು.

ನಾನು ಅಪ್ಪನನ್ನು ನೋಡಿಕೊಳ್ಳುತ್ತಿದ್ದೇನೆ ಎಂದು ನೆಂಟರು ತಿಳಿದಿದ್ದಾರೆ. ತಾನು ನನ್ನನ್ನು ನೋಡಿಕೊಳ್ಳುತ್ತಿದ್ದೇನೆ ಎಂದು ಅಪ್ಪ ತಿಳಿದಿದ್ದಾನೆ. ಬಂಗಾರಪೇಟೆಯ ಶಾಲೆಯೊಂದರ ಕಚೇರಿಯಲ್ಲಿ ನನಗೆ ಕೆಲಸ. ಉರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋಗುತ್ತೇನೆ, ರೈಲಿಗೇ ವಾಪಸು ಬರುತ್ತೇನೆ. ರೈಲು ತಪ್ಪಿ ಬಸ್ಸಿಗೆ ಬಂದರೆ ಅಪ್ಪನ ಮುಖ ಊದಿರುತ್ತದೆ, ಮುದ್ದೆ ಕಲ್ಲಾಗಿರುತ್ತದೆ, ಅವನು ಇನ್ನೂ ಉಂಡಿರುವುದಿಲ್ಲ. ಉಣ್ಣು ಎಂದು ಎಷ್ಟು ಸಲ ಹೇಳಿದೆನೋ. ಮೊಬೈಲು ತೆಗೆದುಕೊಟ್ಟೆ, ಅದನ್ನು ಬೀರುವಿನಲ್ಲಿ ಇಟ್ಟ. ಫೋನಿನಲ್ಲಿ ಯಾರು ಎಲ್ಲಿಂದ ಬೇಕಾದರೂ ಬಂದೆ ಬಂದೆ ಎನ್ನಬಹುದು, ಬಿಲ್ಲೆ ಸುಳ್ಳು ಹೇಳುವುದಿಲ್ಲ ಎಂಬುದು ಅವನ ವಾದ. ಒಮ್ಮೆ ಬಿಲ್ಲೆ ತೆಗೆಯುವುದನ್ನು ಮರೆತು ಸೀದಾ ಅಡುಗೆಮನೆಗೆ ಹೋಗಿ ಅವನ ಎದುರೇ ನಿಂತೆ. ನನ್ನನ್ನು ನೋಡಿದ, ಹಲಗೆಯನ್ನು ನೋಡಿದ. ಎರಡರಲ್ಲಿ ಅವನು ನಂಬಿದ್ದು ಹಲಗೆಯನ್ನು ಎಂದು ನನಗೆ ಇವತ್ತಿಗೂ ಅನುಮಾನ.

ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ಹನ್ನೊಂದು ಗಂಟೆಗೆ ನಿಂತುಕೊಂಡೇ ಪಾತ್ರೆಯಿಂದ ಮೊಸರನ್ನ ತಿನ್ನಬೇಕು. ಹಾಸಿಗೆ ಮಡಿಸದೆ ಬಿಡಬೇಕು. ಯಾರಿಗೂ ಹೇಳದೆ ಹೊರಗೆ ಹೋಗಿ, ಯಾರಿಗೂ ಹೇಳದೆ ಒಳಗೆ ಬರಬೇಕು. ಅಂದರೆ, ನನ್ನದೇ ಒಂದು ಬಾಗಿಲು. ಇದನ್ನು ಬೇಡುವುದಕ್ಕೂ ಒಂದು ವಯಸ್ಸಿರುತ್ತದೆ, ಅದು ನನ್ನ ಕೈಯಿಂದ ಜಾರುತ್ತಿದೆ ಎಂದು ಕೆಲವು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಅನ್ನಿಸಿತು. ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ ಖಾಲಿ ಇತ್ತು. ಒಂದು ಶನಿವಾರ ಶಾಲೆ ಮಧ್ಯಾಹ್ನಕ್ಕೇ ಮುಗಿದ ಮೇಲೆ ಹೋಗಿ ನೋಡಿದೆ. ಮನೆಯಾಕೆ ಬೀಗದ ಕೈಯನ್ನೇ ಕೊಟ್ಟು, ಯೋಚನೆ ಮಾಡಿ ವಾರದೊಳಗೆ ಹೇಳಿ ಎಂದರು. ಬೀಗದ ಕೈ ಚೀಲದಲ್ಲಿಟ್ಟುಕೊಂಡು, ಅಪ್ಪನಿಗೆ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಬಂದೆ. ಎರಡು ಗಂಟೆಗೆ ನಮ್ಮ ಲೈನಿನ ತುದಿಗೆ ಬಂದಾಗ ಅಪ್ಪ ಮುಂದಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಜೋಡಿಸಿದ ಮಾತೆಲ್ಲ ಉದುರಿಹೋಯಿತು.

ಸೆಲ್ವಿ ಅಕ್ಕ ಮದುವೆಗೆ ಹೋಗಿದ್ದಳು. ಅವಳ ಹಿತ್ತಿಲಿನಿಂದ ದಾಟಿ, ನಮ್ಮ ಹಿಂಬಾಗಿಲಿನಿಂದ ಒಳಗೆ ಹೋಗಿ, ಹಿಂದಿನ ಕೋಣೆಯ ಚಿಲಕ ಹಾಕಿಕೊಂಡು ಮಲಗಿಬಿಟ್ಟೆ. ಸ್ವಲ್ಪ ಹೊತ್ತು ಮಲಗಿ, ಧೈರ್ಯ ಬಂದ ಮೇಲೆ ಹೇಳೋಣ ಎಂದು. ನನ್ನ ೪೧೭ ಮುಂಬಾಗಿಲಲ್ಲಿ ನೇತಾಡುತ್ತಲೇ ಇತ್ತು. ಒಮ್ಮೆ ಮರೆತದ್ದನ್ನು ಬಿಟ್ಟರೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಬಿಲ್ಲೆ ಸುಳ್ಳು ಹೇಳಿತು; ಹೇಳಿಸಿದವಳು ನಾನು.

ಎಚ್ಚರವಾದಾಗ ಐದು ಗಂಟೆ. ಮುಂಬಾಗಿಲು ಹಾರುಹೊಡೆದಿತ್ತು. ಜಗಲಿಯಲ್ಲಿ ಕುರ್ಚಿ ಇತ್ತು, ಅಪ್ಪ ಇರಲಿಲ್ಲ, ಚಪ್ಪಲಿ ಇರಲಿಲ್ಲ. ಅಡುಗೆಮನೆಯಲ್ಲಿ ಮುಚ್ಚಿಟ್ಟ ಮುದ್ದೆ ಹಾಗೇ ಇತ್ತು. ಹಲಗೆಯ ಕಡೆ ನೋಡಿದೆ. ಮನೆಯೊಳಗಿದ್ದ ನಾನು ಹೊರಗಿದ್ದೆ. ಹೊರಗಿದ್ದ ಅಪ್ಪನ ಬಗ್ಗೆ ಅಲ್ಲಿ ಏನೂ ಇರಲಿಲ್ಲ. ಅವನಿಗೆ ಬಿಲ್ಲೆಯೇ ಇಲ್ಲ ಎಂಬುದು ನನಗೆ ಹೊಳೆದದ್ದು ಆಗ. ಹಲಗೆ ಕಾಯುವವನಿಗೆ ಬಿಲ್ಲೆ ಯಾಕೆ?

ಸ್ಟೇಷನ್ನಿಗೆ ಓಡಿದೆ, ಹಾಲಿನ ಅಂಗಡಿಗೆ ಹೋದೆ, ಅವನ ಹಳೆಯ ಸ್ನೇಹಿತರಿಬ್ಬರ ಮನೆ ಬಾಗಿಲು ತಟ್ಟಿದೆ. ಆ ಎರಡು ಗಂಟೆಯಲ್ಲಿ ನಾನು ಏನೇನು ಯೋಚಿಸಿದೆ ಎಂದು ಬರೆಯುವುದಿಲ್ಲ. ಬರೆದರೆ ನಾನು ಇದ್ದದ್ದಕ್ಕಿಂತ ಒಳ್ಳೆಯವಳಾಗಿ ಕಾಣುತ್ತೇನೆ. ಹೆಚ್ಚಿನ ಹೊತ್ತು ಬೈಯುತ್ತಲೇ ಇದ್ದೆ. ಏಳು ಗಂಟೆಯ ಹೊತ್ತಿಗೆ ಅಪ್ಪ ಆಟೋದಿಂದ ಇಳಿದ. ಹೊಸ್ತಿಲಲ್ಲಿ ನನ್ನನ್ನು ಕಂಡು ನಿಂತ.

"ಯಾವಾಗ ಬಂದೆ?"

"ಎರಡು ಗಂಟೆಗೇ ಬಂದೆ ಕಣಪ್ಪ. ಹಿಂದ್ಗಡೆಯಿಂದ."

ಒಳಗೆ ಬಂದು ನನ್ನ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಬಟ್ಟಲಿಗೆ ಹಾಕಿದ. ಕೈಕಾಲು ತೊಳೆದು, ತಣ್ಣಗಿನ ಮುದ್ದೆಯನ್ನೇ ಉಂಡ. ನಾನು ಬೈಗುಳಕ್ಕೋ ಅಳುವಿಗೋ ಸಿದ್ಧಳಾಗಿ ಎದುರು ಕೂತಿದ್ದೆ. ಮಧ್ಯಾಹ್ನದ ಎರಡು ರೈಲೂ ಹೋದ ಮೇಲೆ ನನ್ನನ್ನು ಹುಡುಕಿಕೊಂಡು ಬಂಗಾರಪೇಟೆಗೆ ಹೋಗಿದ್ದನಂತೆ. ಶಾಲೆಯ ವಾಚ್‌ಮನ್, ಮೇಡಮ್ಮು ಸ್ಟೇಷನ್ ಹಿಂದೆ ಮನೆ ನೋಡಲು ಹೋದರು ಎಂದನಂತೆ. ಅಪ್ಪ ಆ ಮನೆಗೂ ಹೋಗಿ, ಮೆಟ್ಟಿಲು ಹತ್ತಿ, ಹೊರಗಿನಿಂದ ಕಿಟಕಿಯಲ್ಲಿ ಇಣುಕಿ ನೋಡಿ ಬಂದಿದ್ದ. ಇಷ್ಟನ್ನೂ ಉಣ್ಣುತ್ತಲೇ ಹೇಳಿದ. ಆಮೇಲೆ ಕೈ ತೊಳೆದುಕೊಂಡು ಬಂದು ಹೇಳಿದ:

"ಮನೆ ಚೆನ್ನಾಗೈತೆ. ಮೇಲಿಂದ ರೈಲು ಕಾಣ್ತದೆ. ನಾನಲ್ಲಿಗೋಗ್ತೀನಿ. ನೀನಿಲ್ಲೇ ಇರು."

ನನಗೆ ಅರ್ಥವಾಗಲಿಲ್ಲ. ನೀನು ಯಾಕೆ ಹೋಗಬೇಕು ಎಂದೆ.

"ಅದಿನಾಲ್ಕು ವರ್ಸದಿಂದ ನೀನು ಬರಾಗಂಟ ಕುಂತಿದ್ದೀನಿ ಕಣಮ್ಮ. ನೀನು ದಿನಾ ಓಗ್ತೀಯ, ರೈಲತ್ತೀಯ, ನಾಕು ಜನರನ್ನ ನೋಡ್ಕೊಂಡು ಬತ್ತೀಯ. ಅಲಗೆ ಕಾಯೋನು ಎದ್ದೋಗಂಗಿಲ್ಲ. ನಂಗೂ ಸಾಕಾಗೈತೆ."

ಈ ಜಾಗದಲ್ಲಿ ನನ್ನ ಕಣ್ಣು ತುಂಬಿತು ಎಂದು ಬರೆದರೆ ನಿಮಗೂ ಹಿತ, ನನಗೂ ಹಿತ. ಆದರೆ ನನಗೆ ಬಂದದ್ದು ಸಿಟ್ಟು. ಇಷ್ಟು ವರ್ಷ ಬೇಸತ್ತವಳು ನಾನು. ಆ ಬೇಸರವೊಂದೇ ನನ್ನ ಸ್ವಂತದ್ದು ಎಂದುಕೊಂಡಿದ್ದೆ. ಅದರಲ್ಲೂ ಅಪ್ಪ ಪಾಲು ಕೇಳುತ್ತಿದ್ದ. ನಿನ್ನನ್ನು ಕಾಯಲು ಹೇಳಿದ್ದು ಯಾರು ಎಂದೆ. ನಿನ್ನನ್ನು ಬಂದು ಇರು ಅಂದಿದ್ದು ಯಾರು ಎಂದ. ಜಗಳ ಜೋರಾಯಿತು.

ಒಂದು ವಾರ ಅದೇ ನಡೆಯಿತು. ಮಹಡಿ ಮನೆಗೆ ನಾನು ಹೋಗುವುದೋ ಅಪ್ಪ ಹೋಗುವುದೋ? ಆ ಮೆಟ್ಟಿಲು ನಿನ್ನಿಂದ ಆಗುವುದಿಲ್ಲ ಎಂದೆ; ಹತ್ತಿ ಇಳಿದು ಬಂದಿದ್ದೇನಲ್ಲ ಎಂದ. ನಿನಗೆ ಒಬ್ಬಳೇ ಇರಲು ಬರುವುದಿಲ್ಲ, ಗ್ಯಾಸ್ ಆರಿಸಲು ಮರೆಯುತ್ತೀಯ ಎಂದ. ಮರೆಯುವುದು ಯಾರು ಎಂದು ಪಟ್ಟಿ ಒಪ್ಪಿಸಿದೆ. ಗೋಡೆಯಾಚೆಯಿಂದ ಎಲ್ಲವನ್ನೂ ಕೇಳುತ್ತಿದ್ದ ಸೆಲ್ವಿ ಅಕ್ಕ ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತು, ತನ್ನ ತಮಿಳು ಬೆರೆತ ಕನ್ನಡದಲ್ಲಿ ಬೀಗದ ಕೈ ಕೇಳಿದಳು.

"ಅಯ್ಯೋ ಕಡವುಳೇ, ಆ ಸಾವಿ ನಂಗ್ ಕೊಡಮ್ಮ. ನಾನೋಗಿ ಇರ್ತೀನಿ ಅಲ್ಲಿ, ಪ್ರಶಾಂತವಾಗಿ. ನೀವಿಬ್ರೂ ಇಲ್ಲೇ ಕಿರುಚ್ಕೊಂಡಿರಿ."

ಬೀಗದ ಕೈಯನ್ನು ಸೋಮವಾರ ಮನೆಯಾಕೆಗೆ ವಾಪಸು ಕೊಟ್ಟೆ. ಪ್ರೀತಿಗೆ ಸೋತು ಕೊಟ್ಟೆನೆಂದು ನೆಂಟರಿಗೆ ಹೇಳಿದ್ದೇನೆ. ನಿಜ ಏನೆಂದರೆ, ಆ ಮನೆ ಅಪ್ಪನಿಗೆ ಸಿಗಬಾರದು ಎಂಬುದು ನನಗೆ ಮುಖ್ಯವಾಗಿತ್ತು. ನನಗೆ ಸಿಗಬಾರದು ಎಂಬುದು ಅವನಿಗೆ. ಬದಲಿಗೆ ಒಂದು ಒಪ್ಪಂದವಾಯಿತು. ಭಾನುವಾರ ಹಲಗೆ ಕಾಯುವವಳು ನಾನು, ಹೊರಗೆ ಹೋಗುವವನು ಅಪ್ಪ. ಅದಕ್ಕೆ ತನಗೊಂದು ಬಿಲ್ಲೆ ಬೇಕು ಎಂದ. ಪಾತ್ರೆ ಅಂಗಡಿಯವನಿಂದ ಹೊಸದೊಂದನ್ನು ಮಾಡಿಸಿ ತಂದೆ. ನಂಬರು ಏನು ಕೊರೆಸಲಿ ಎಂದರೆ, ತುಂಬ ಯೋಚಿಸಿ, ಒಂದು ಎಂದ.

ಈ ಏರ್ಪಾಡಿನ ಒಳಲಾಭ ನನಗೆ ತಕ್ಷಣ ಹೊಳೆದಿತ್ತು. ಅಪ್ಪ ಹೊರಗೆ ಹೋದರೆ ಮನೆಯೆಲ್ಲ ನನ್ನದೇ. ಬಾಡಿಗೆಯಿಲ್ಲ, ಮೆಟ್ಟಿಲಿಲ್ಲ, ಆದರೂ ನನ್ನದೇ ಬಾಗಿಲು.

ಇವತ್ತು ಹತ್ತು ಗಂಟೆಗೆ ಇಸ್ತ್ರಿ ಅಂಗಿ ಹಾಕಿ, ಉಜ್ಜಿಕೊಟ್ಟ ಒಂದನೆಯ ನಂಬರನ್ನು ಮೊಳೆಗೆ ಸಿಕ್ಕಿಸಿ, ಅದು ಹೊಳೆಯುವುದನ್ನು ಒಮ್ಮೆ ಹಿಂದೆ ಸರಿದು ನೋಡಿ ಹೊರಟ. ಒಂದು ಗಂಟೆಗೆ ಬರುತ್ತೇನೆ ಎಂದಿದ್ದ. ನಾನು ಹಾಸಿಗೆ ಮಡಿಸಲಿಲ್ಲ. ಹನ್ನೊಂದಕ್ಕೆ ಮೊಸರನ್ನ ಕಲಸಿದೆ. ನಿಂತುಕೊಂಡೇ ತಿನ್ನೋಣವೆಂದು ಪಾತ್ರೆ ಹಿಡಿದು ಹೋಗಿ ನಿಂತದ್ದು ಹಲಗೆಯ ಮುಂದೆ. ಪಾತ್ರೆಗೆ ಮುಚ್ಚಳ ಮುಚ್ಚಿ ಇಟ್ಟೆ, ಬಂದು ಇದನ್ನು ಬರೆಯಲು ಕೂತೆ. ಒಂದು ಗಂಟೆಯಾಯಿತು. ಒಂದೂವರೆಯಾಯಿತು. ನಡುವೆ ನಾಲ್ಕು ಸಲ ಎದ್ದು ಗೇಟಿನವರೆಗೆ ಹೋಗಿ ಬಂದಿದ್ದೇನೆ. ಮೊಬೈಲಿಗೆ ಮಾಡಿದರೆ ಬೀರುವಿನೊಳಗೆ ರಿಂಗಾಗುತ್ತದೆ. ಸೆಲ್ವಿ ಅಕ್ಕ ಗೋಡೆಯ ಮೇಲಿಂದ, "ಸಾಪ್ಟಿಯಾಮ್ಮಾ?" ಎಂದು ಊಟ ವಿಚಾರಿಸಿದಳು. ಊಟವೆಲ್ಲಿಯದು ಎಂದು ನಾನು ಹೇಳಿದ ಧ್ವನಿ ನನಗೆ ಪರಿಚಿತವಾಗಿತ್ತು, ಆದರೆ ಅದು ನನ್ನದಾಗಿರಲಿಲ್ಲ.

ಎರಡೂಕಾಲಿಗೆ ಗೇಟು ಕಿರ್ರೆಂದಿತು. ಅಪ್ಪ ಕೈಯಲ್ಲಿ ಕೊತ್ತಂಬರಿ ಕಟ್ಟು ಹಿಡಿದು ಆರಾಮಾಗಿ ಬಂದ. ಬಂಗಾರಪೇಟೆಯಲ್ಲಿ ಬಿಳಿ ನೀರಿನ ಪಾನಿಪುರಿ ತಿಂದನಂತೆ, ಎರಡು ಪ್ಲೇಟು. ಖಾರ ಮೂಗಿಗೇರಿ ರೈಲು ತಪ್ಪಿತಂತೆ. ಹೊಟ್ಟೆ ತುಂಬಿದೆಯಂತೆ.

"ನೀನು ಉಂಡ್ಯಾ?"

"ಇಲ್ಲ."

"ಯಾಕೆ?" ಎಂದ, ನಿಜವಾಗಿಯೂ ಗೊತ್ತಿಲ್ಲದವನ ಹಾಗೆ, ಕೇಳಿಕೊಂಡೇ ಹಲಗೆಯನ್ನು ದಾಟಿ ಅಡುಗೆಮನೆಯ ಕಡೆ ನಡೆದುಬಿಟ್ಟ.

"ಅಪ್ಪ, ಬಿಲ್ಲೆ."

ನಿಂತ. ತಿರುಗಿ ನೋಡಿದ. ವಾಪಸು ಬಂದು, ಕೊತ್ತಂಬರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೊಳೆಯಿಂದ ಬಿಲ್ಲೆ ತೆಗೆದು ಬಟ್ಟಲಿಗೆ ಹಾಕಿದ. ಟಣ್ ಎಂದಿತು. ನನಗೆ ಹಸಿವಾಯಿತು.