ಸುಣ್ಣ ಹೊಡೆಯದೆ ಬಿಟ್ಟ ಒಂದು ಮೊಳ ಗೋಡೆ

ಬೆಟ್ಟಮ್ಮಜ್ಜಿಯ ಮನೆಯ ಗೋಡೆಗೆ ಪ್ರತಿ ಯುಗಾದಿಗೂ ಸುಣ್ಣ ಹೊಡೆಯುತ್ತಿದ್ದರು. ಆದರೆ ರಾಗಿ ತುಂಬಿಡುವ ಮಣ್ಣಿನ ವಾಡೆಯ ಪಕ್ಕದ ಒಂದು ಮೊಳ ಅಗಲದ ಜಾಗಕ್ಕೆ ಮಾತ್ರ ಹೊಡೆಯುತ್ತಿರಲಿಲ್ಲ. ಅಷ್ಟು ಜಾಗ ಕೆಮ್ಮಣ್ಣು ಸಾರಿಸಿದ ಹಾಗೆಯೇ ಕೆಂಪಗೆ ಉಳಿದಿರುತ್ತಿತ್ತು. ಎದುರು ಮನೆಯ ದೊಡ್ಡಮ್ಮ ಹಬ್ಬದ ದಿನ ಬಂದು ಅದನ್ನು ನೋಡಿ ನಗುತ್ತಿದ್ದಳು.

“ಏನ್ ಬೆಟ್ಟಕ್ಕ, ಈ ವರ್ಸವೂ ಸುಣ್ಣ ಸಾಲ್ದೆ ಬಂತಾ? ನಮ್ಮನೇಲಿ ಒಂದ್ ಕುಡಿಕೆ ಮಿಕ್ಕೈತೆ, ಕೊಡ್ಲಾ?”

“ನಿನ್ ಸುಣ್ಣವ ನಿನ್ ಎಲೆ ಅಡಿಕೆಗೆ ಮಡೀಕ್ಕೊ. ಅದು ನನ್ ಮೊಮ್ಮಕ್ಕಳ ಜಾಗ ಕಣೆ. ಮುಟ್ಟೀಯೆ, ಜ್ವಾಕೆ!”

ನಮ್ಮ ಮನೆಗೂ ಅವಳ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಹೆಚ್ಚಿನದನ್ನು ನಾನೇ ಕಂಡಿದ್ದೇನೆ. ಕಾಣದೇ ಇದ್ದುದನ್ನು ಅವಳ ಬಾಯಿಂದಲೇ ಎರಡೆರಡು ಸಲ ಕೇಳಿ ತಿಳಿದುಕೊಂಡಿದ್ದೇನೆ.

ನಮ್ಮ ಊರು ಹಳ್ಳಿಮೈಸೂರಿಗೆ ಎರಡು ಮೈಲಿ. ಅಜ್ಜಿಯ ತವರು ಅರಕಲಗೂಡಿನ ಕಡೆ. ಹನ್ನೊಂದು ವರ್ಷಕ್ಕೇ ಮದುವೆಯಾಗಿ ಈ ಊರಿಗೆ ಬಂದಳಂತೆ. ಐದು ಹೆತ್ತಳು, ಉಳಿದವನು ಸಣ್ಣಯ್ಯ ಒಬ್ಬನೇ. ಹೋದ ನಾಲ್ಕು ಮಕ್ಕಳಲ್ಲಿ ಯಾವುದು ಎಷ್ಟು ತಿಂಗಳಿಗೆ ಹೋಯಿತು, ಯಾವುದಕ್ಕೆ ಹಲ್ಲು ಬಂದಿತ್ತು, ಯಾವುದು ನಡೆಯುತ್ತಿತ್ತು ಎಂಬುದು ವಯಸ್ಸಾಗುತ್ತ ಅವಳಿಗೆ ಕಲಸಿಹೋಯಿತು. “ಬಂದವು, ಓದವು. ಒಂದು ಗುರ್ತು ಕೂಡ ಮಡಗಲಿಲ್ಲ ನಾನು” ಎಂದು ಒಂದು ಸಲ ನನ್ನೆದುರಿಗೆ ಹೇಳಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಸಣ್ಣಯ್ಯನಿಗೆ ರಸ್ತೆ ರಿಪೇರಿ ಗ್ಯಾಂಗಿನಲ್ಲಿ ಕೆಲಸ. ಹಾಸನದಲ್ಲಿ ಕೆಲಸ ಮಾಡುತ್ತಿದ್ದಾಗ ಯಾರೋ ಟೀಚರಮ್ಮನ ಹೆಸರು ಕಿವಿಗೆ ಬಿದ್ದು, ಅದು ಮನಸ್ಸಿಗೆ ಹಿಡಿದು, ಹುಟ್ಟಿದ ಮಗಳಿಗೆ ಶಾಂತಕುಮಾರಿ ಎಂದೇ ಇಟ್ಟ. ನಮ್ಮ ಬೀದಿಯಲ್ಲಿ ಅಷ್ಟುದ್ದದ ಹೆಸರು ಯಾರಿಗೂ ಇರಲಿಲ್ಲ. ಅಜ್ಜಿ ಅದನ್ನು ಸಾಂತ ಎಂದು ಮೊಟಕು ಮಾಡಿದಳು. ಹದಿಮೂರು ತಿಂಗಳಿಗೆ ತಮ್ಮ ಹುಟ್ಟಿದ. ಅವನಿಗೆ ಮನೆತನದ ಹೆಸರೇ, ಕೆಂಚಯ್ಯ.

ಅಜ್ಜಿ ಗೋಡೆಯ ಮೇಲೆ ಗುರುತು ಮಾಡಲು ತೊಡಗಿದ್ದು ಶಾಂತ ಹುಟ್ಟಿದಾಗ. ಬಲಗೈ ತೋರುಬೆರಳನ್ನು ಸುಣ್ಣದಲ್ಲಿ ಅದ್ದಿ ಗೋಡೆಗೆ ಒತ್ತುತ್ತಿದ್ದಳು. ಕೂಸು ಮಗುಚಿಕೊಂಡರೆ ಒಂದು ಬೊಟ್ಟು. ಹಲ್ಲು ಬಂದರೆ ಒಂದು. ಹೊಸ್ತಿಲು ದಾಟಿದರೆ ಒಂದು, ಆ ದಿನ ಬೀದಿಗೆಲ್ಲ ಪುರಿ ಬೆಲ್ಲ. ಕಣದಿಂದ ರಾಗಿ ಮನೆಗೆ ಬಂದು ವಾಡೆಗೆ ಬಿದ್ದ ದಿನ ಒಂದು ಉದ್ದ ಗೆರೆ ಎಳೆಯುತ್ತಿದ್ದಳು. ಗೆರೆ ಎಂದರೆ ಒಂದು ವರ್ಷ. ಎಡಗಡೆ ಶಾಂತನ ಸಾಲು, ಬಲಗಡೆ ಕೆಂಚನ ಸಾಲು. ನಮಗೆಲ್ಲ ಅವು ಬರಿಯ ಬೊಟ್ಟುಗಳು. ಅಜ್ಜಿ ಮಾತ್ರ ಯಾವ ಬೊಟ್ಟು ಯಾವುದರದ್ದು ಎಂದು ತಡವರಿಸದೆ ಹೇಳುತ್ತಿದ್ದಳು.

ಶಾಂತ ಲೆಕ್ಕ ಕಲಿತದ್ದು ಮುದ್ದೆಯಿಂದ. ಅಜ್ಜಿ ಮುದ್ದೆ ಕಟ್ಟಿ ಇಡುವಾಗ ಎಷ್ಟು ಜನ ಉಣ್ಣುವವರು, ಎಷ್ಟು ಮುದ್ದೆ, ಎಷ್ಟು ತಟ್ಟೆ ಎಂದು ಮಗು ಎಣಿಸಬೇಕಾಗಿತ್ತು. ನೆಂಟರು ಬಂದ ದಿನ ಲೆಕ್ಕ ತಪ್ಪಿದರೆ ಅಜ್ಜಿ ಬೈಯುತ್ತಿರಲಿಲ್ಲ. “ಯಾರ್ ತಟ್ಟೆ ಬರಿದು ಕೂತದೆ ನೋಡವ್ವ” ಅನ್ನುತ್ತಿದ್ದಳು, ಅಷ್ಟೆ. ನಾನು ಮೊರದಲ್ಲಿ ಮರಳು ಹರಡಿ ಅಕ್ಷರ ತಿದ್ದಿಸುತ್ತಿದ್ದೆ. ನನಗೆ ಬರುತ್ತಿದ್ದಷ್ಟನ್ನು ಅವಳು ಬೇಗ ಮುಗಿಸಿದಳು.

ಕೆಂಚನಿಗೆ ಮೂರು ತುಂಬುವ ತನಕ ಮಾತೇ ಬರಲಿಲ್ಲ. ಅವನ ತಾಯಿ ಮಾದಮ್ಮ ದೇವರಿಗೆ ಹರಕೆ ಕಟ್ಟಿಕೊಂಡಳು. ಅಜ್ಜಿ ಹೆದರಲಿಲ್ಲ. ಹುಡುಗ ಒಳಗೆ ಕೂತೇ, ಬೀದಿಯಲ್ಲಿ ಹೋಗುವ ಎತ್ತಿನ ಗೊರಸಿನ ಸದ್ದು ಕೇಳಿ ಅದು ಯಾರ ಮನೆಯದೆಂದು ಆ ಮನೆಯ ಕಡೆ ಕೈ ತೋರಿಸುತ್ತಿದ್ದ. “ಇವ್ನಿಗೆ ಕಿವಿ ತುಂಬ್ತಾ ಅದೆ ಕಣವ್ವ. ತುಂಬಿದ ಮ್ಯಾಲೆ ಬಾಯಿಗೆ ಬತ್ತದೆ” ಎಂದು ಆ ಎತ್ತಿನ ಗುರುತಿಗೂ ಒಂದು ಬೊಟ್ಟು ಇಟ್ಟಳು. ಆಮೇಲೆ ಮಾತು ಬಂತು, ನಿಲ್ಲಿಸುವುದೇ ಕಷ್ಟವಾಯಿತು.

ಸಾವಿರದ ಒಂಬೈನೂರ ಅರವತ್ತೊಂದರ ಜೂನ್ ತಿಂಗಳಲ್ಲಿ ಶಾಂತನ ಸಾಲಿನಲ್ಲಿ ಆರು ಗೆರೆ ಇದ್ದವು. ಒಂದನೇ ಕ್ಲಾಸಿಗೆ ಆರು ವರ್ಷ ತುಂಬಿರಬೇಕು. ಮಾದಮ್ಮನಿಗೆ ಆಗ ಎಂಟು ತಿಂಗಳು. ಹೆರಿಗೆಯಾದ ಮೇಲೆ ಅವಳು ಮತ್ತೆ ಕಳೆ ಕೀಳಲು ಹೋಗಲೇಬೇಕು, ಕೂಸನ್ನು ಎತ್ತಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕು. ಕೂಸು ಬರುವ ಮೊದಲು ಸ್ಕೂಲಿಗೆ ಸೇರದ ಹೆಣ್ಣುಮಗು ಆಮೇಲೆ ಸೇರಿದ್ದನ್ನು ನಮ್ಮ ಬೀದಿಯಲ್ಲಿ ನಾನು ಕಂಡಿಲ್ಲ. ಸೇರಿದವರೇ ಬಿಟ್ಟದ್ದುಂಟು. ನಾನು ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ಅದಕ್ಕೇ ಅಜ್ಜಿ ಅವಸರಪಟ್ಟಳು. ಸ್ಕೂಲು ತೆರೆದ ದಿನವೇ ಶಾಂತನನ್ನು ಕರೆದುಕೊಂಡು ಹೊರಟಳು. ಕೆಂಚ ಅತ್ತು ಹಿಂದೆಯೇ ಬಂದ. ನಾನೂ ಹೋದೆ.

ಚಂದ್ರಶೇಖರಯ್ಯ ಮೇಷ್ಟ್ರು ಚನ್ನರಾಯಪಟ್ಟಣದ ಬಾಗೂರಿನವರು. ಬಂದು ಒಂದು ವರ್ಷವಾಗಿತ್ತು. ನಮ್ಮ ಕಡೆ ಯಾರ ಮಗುವಿಗೂ ಹುಟ್ಟಿದ ತಾರೀಕು ಬರೆದಿಟ್ಟಿರುವುದಿಲ್ಲ. ಅದಕ್ಕೆ ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷ. ಶಾಂತ ಕೈ ಚಾಚಿದಳು. ಬೆರಳು ಕಿವಿಗಿಂತ ಒಂದು ಅಂಗುಲ ಮೇಲೆಯೇ ನಿಂತಿತು. ಪಕ್ಕದಲ್ಲಿ ನಿಂತಿದ್ದ ಕೆಂಚ ಇದನ್ನು ಆಟವೆಂದುಕೊಂಡು ತಾನೂ ಕೈ ಚಾಚಿ ಗಪ್ಪನೆ ಕಿವಿ ಹಿಡಿದುಕೊಂಡ. ಅವನು ಅಪ್ಪನ ಹಾಗೆ ಉದ್ದ ಕೈಯವನು.

“ಸರಿ, ಇವನ ಹೆಸರು ಹೇಳಮ್ಮ” ಎಂದು ಮೇಷ್ಟ್ರು ಪೆನ್ನು ಎತ್ತಿಕೊಂಡರು.

“ಇವ್ನಲ್ಲ ಸಾ, ಇವ್ಳು! ಇವ್ಳು ಅಕ್ಕ. ಇವ್ನು ತಮ್ಮ.”

“ನೀವೆಲ್ಲ ಹೀಗೇ ಹೇಳ್ತೀರಿ. ಬಾಯಿ ಸುಳ್ಳು ಹೇಳುತ್ತೆ, ಕೈ ಹೇಳೋದಿಲ್ಲ.”

“ನಾನೇ ಸೂಲಗಿತ್ತಿ ಪಕ್ಕದಲ್ಲಿ ಕೂತು ಇಬ್ರುನ್ನೂ ಮಡಿಲಿಗೆ ಆಕ್ಕಂಡಿವ್ನಿ. ಮುಂದಾಗಿ ಬಂದದ್ದು ಯಾವ್ದು ಅಂತ ನಂಗೆ ಗೊತ್ತಿಲ್ವಾ ಸಾ? ನಮ್ಮನೆ ಗೋಡೇಲಿ ಎಲ್ಲಾ ಅದೆ.”

“ಗೋಡೇಲಿ ಇದ್ದರೆ ತಂದು ತೋರಿಸು.”

“ಗೋಡೆಯ ಹೊತ್ಕಂಡ್ ಬರಾಕಾಯ್ತದಾ? ನೀವೇ ಬನ್ನಿ!”

ಕಾಯುತ್ತಿದ್ದವರೆಲ್ಲ ನಕ್ಕರು. ಮೇಷ್ಟ್ರ ಎದುರು ಹಾಗೆ ಯಾರೂ ಮಾತಾಡಿರಲಿಲ್ಲ. ಅವರೂ ನಕ್ಕರು, ಆದರೆ ಬರೆದದ್ದು ಕೆಂಚನ ಹೆಸರನ್ನೇ.

ಮನೆಯಲ್ಲಿ ಮಾದಮ್ಮ ಸೊಂಟ ಹಿಡಿದುಕೊಂಡು ಕೂತಿದ್ದಳು. ಎಲ್ಲ ಕೇಳಿ, “ಓಗ್ಲಿ ಬುಡಿ ಅತ್ತೆ. ಗಂಡು ಓದ್ಲಿ. ಇವ್ಳು ಮನೇಲಿದ್ರೆ ಕೂಸಿಗಾಯ್ತಾಳೆ” ಎಂದಳು. ಅದರಲ್ಲಿ ಕೆಡುಕೇನೂ ಇರಲಿಲ್ಲ, ಆಯಾಸ ಇತ್ತು. ಶಾಂತ ವಾಡೆಯ ಹಿಂದೆ ಹೋಗಿ ನಿಂತು ಕೈಯನ್ನು ತಲೆಯ ಮೇಲಿಂದ ಎಳೆದುಕೊಳ್ಳುತ್ತಿದ್ದಳು.

ನಾಲ್ಕನೇ ದಿನ ಸಂಜೆ ಮೇಷ್ಟ್ರು ನಿಜವಾಗಿಯೂ ಬಂದರು. ಒಬ್ಬ ಮೇಷ್ಟ್ರು ನಮ್ಮ ಬೀದಿಗೆ ಬಂದದ್ದು ಅದೇ ಮೊದಲು. ಜನ ಜಗಲಿಯಿಂದ ಎದ್ದು ನಿಂತರು. ಕಾರಣ ಅವರೇ ಹೇಳಿದರು. “ನಿನ್ನ ಮೊಮ್ಮಗ ಮೂರು ದಿನದಿಂದ ‘ಅಕ್ಕ ಯಾವಾಗ ಬತ್ತಾಳೆ’ ಅಂತ ಕೇಳಿ ಕೇಳಿ ನನ್ನ ತಲೆ ತಿಂದ. ಎಲ್ಲಿ ನಿನ್ನ ಗೋಡೆ?”

“ಒಳಕ್ಕೆ ಬತ್ತೀರಾ ಸಾ?” ಅಜ್ಜಿಯ ದನಿ ಸಣ್ಣದಾಯಿತು.

ಅವರು ಮೆಟ್ಟು ಬಿಟ್ಟು, ಬಾಗಿಲು ತಗ್ಗಾದ್ದರಿಂದ ತಲೆ ಬಗ್ಗಿಸಿ ಒಳಗೆ ಬಂದರು. ಅಜ್ಜಿ ಬೆಲ್ಲ ನೀರು ತಂದಿಟ್ಟು ಹಿಂದೆ ಸರಿದಳು. ಅವರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ದೊಡ್ಡಮ್ಮ ಬಾಗಿಲಿಂದ ಅದನ್ನು ನೋಡಿ, ಇತರರಿಗೆ ಹೇಳಲು ಓಡಿದಳು.

ಅಜ್ಜಿ ಕೆಳಗಿನಿಂದ ಶುರು ಮಾಡಿದಳು. “ಇದು ಮಗುಚ್ಕೊಂಡಿದ್ದು. ಇದು ಮುಂದ್ಲು ಹಲ್ಲು. ಇದು ‘ಅಜ್ಜಿ’ ಅಂದಿದ್ದು, ಅವ್ವ ಅನ್ನಾಕೂ ಮುಂಚೆ ಸಾ, ಇವ್ಳವ್ವನಿಗೆ ಈಗ್ಲೂ ವಟ್ಟೆವುರಿ. ಇದು ಐದು ಮುದ್ದೆ ಎಣಿಸಿದ್ದು.” ಮೇಷ್ಟ್ರು ಲಾಟೀನು ಹತ್ತಿರ ಹಿಡಿದು ಒಂದೊಂದನ್ನೂ ನೋಡಿದರು. ಕೊನೆಗೆ ಗೆರೆ ಎಣಿಸಿದರು.

“ಆರು ಇದೆ. ನಿನ್ನ ಮಾತು ಸರಿ. ಇವಳನ್ನೂ ನಾಳೆ ಕಳಿಸು.” ಹೊರಡಲು ಎದ್ದವರು ಮೂರನೇ ಗೆರೆಗೂ ನಾಲ್ಕನೇ ಗೆರೆಗೂ ನಡುವೆ ಬೆರಳಿಟ್ಟರು. “ಇಲ್ಲಿ ಮಾತ್ರ ಒಂದು ಬೊಟ್ಟೂ ಇಲ್ಲವಲ್ಲ? ಒಂದು ವರ್ಷ ಪೂರ್ತಿ ಏನೂ ಕಲೀಲಿಲ್ವಾ?”

“ಅದೆಂಗಾದಾತು ಸಾ? ನನ್ ಮೊಮ್ಮಗಳು ವರ್ಸವೆಲ್ಲಾ ಸುಮ್ಕೆ ಕೂತ್ಕಳಾಳಲ್ಲ...” ಎಂದು ಜೋರಾಗಿ ಹೇಳಲು ಹೊರಟ ಅಜ್ಜಿ ಅರ್ಧಕ್ಕೇ ನಿಂತಳು. ಕೆಂಚನ ಸಾಲು ನೋಡಿದಳು. ಅಲ್ಲಿಯೂ ಎರಡನೇ ಗೆರೆಗೂ ಮೂರನೆಯದಕ್ಕೂ ನಡುವೆ ಬರಿದು. ಬೆರಳು ಮಡಿಸಿ ಏನನ್ನೋ ಎಣಿಸಿದಳು. ಮೇಷ್ಟ್ರು ಆಗಲೇ ಹೊಸ್ತಿಲ ಹತ್ತಿರ ಇದ್ದರು. ಅಜ್ಜಿ ಸುಮ್ಮನಿದ್ದಿದ್ದರೆ ಬೆಳಗ್ಗೆ ಶಾಂತ ಸ್ಕೂಲಿನಲ್ಲಿರುತ್ತಿದ್ದಳು.

“ತಡೀರಿ ಸಾ. ತಪ್ಪಾಗದೆ.”

ಮೂರು ವರ್ಷದ ಕೆಳಗೆ, ಕೆರೆ ತುಂಬಿ ಕೋಡಿ ಬಿದ್ದ ಮರುವರ್ಷ, ನೀರಿತ್ತೆಂದು ನಮ್ಮೂರಿನವರು ಬೇಸಿಗೆಯಲ್ಲಿ ಕಾರು ರಾಗಿ ಹಾಕಿದ್ದರು. ಅದು ಮಳೆಗಾಲದಲ್ಲೇ ಮನೆಗೆ ಬಂತು. ಆಮೇಲೆ ಹೊಲದ ಹೈನು ರಾಗಿ ಎಂದಿನಂತೆ ಮಾರ್ಗಶಿರ ಕಳೆದು ಬಂತು. ಅಜ್ಜಿ ರಾಗಿ ವಾಡೆಗೆ ಬಿದ್ದ ಎರಡು ಸಲವೂ ಗೆರೆ ಎಳೆದಿದ್ದಳು. ಒಂದು ವರ್ಷಕ್ಕೆ ಎರಡು ಗೆರೆ, ನಡುವೆ ಬೊಟ್ಟಿಲ್ಲದ ನಾಲ್ಕೈದು ತಿಂಗಳು.

“ಇವ್ಳಿಗೆ ಐದೇ ಸಾ. ಸಂಕ್ರಾಂತಿಯಾದ ನಾಕ್ನೇ ದಿನಕ್ಕೆ ಐದು ತುಂಬ್ತು. ಅವ್ನಿಗೆ ನಾಕೇ.”

ಮಾದಮ್ಮ ಹಣೆ ಬಡಿದುಕೊಂಡಳು. “ಅತ್ತೆ, ನಿಮ್ಗೇನ್ ಬಂದಿತ್ತು? ಅವ್ರು ಆಯ್ತು ಅಂದಿದ್ರಲ್ಲಾ!”

“ಒಂದ್ ಗೆರೆ ಸುಳ್ಳು ಅಂತ ತಿಳಿದೂ ಬುಟ್ರೆ, ಮಿಕ್ಕ ಬೊಟ್ಟೆಲ್ಲಾ ಸುಳ್ಳಾಗೋಯ್ತವೆ ಕಣೆ. ಐದು ವರ್ಸದಿಂದ ಮಡಗಿವ್ನಿ.”

ಮೇಷ್ಟ್ರು ಕೆಂಚನನ್ನು ಕರೆದು ಮತ್ತೆ ಕಿವಿ ಮುಟ್ಟಲು ಹೇಳಿದರು. ಅವನು ಕತ್ತನ್ನು ಪೂರ್ತಿ ಓರೆ ಮಾಡಿ ಕಿವಿಯನ್ನೇ ಕೈಯ ಹತ್ತಿರ ತಂದ. ಅವರು ಅವನ ತಲೆಯನ್ನು ನೆಟ್ಟಗೆ ಹಿಡಿದರು. ಬೆರಳು ಕಿವಿಯ ಮೇಲೆ ಗಾಳಿಯಲ್ಲಿ ಆಡಿತು.

“ಲೋ ಕಳ್ಳ! ಕೈಯೂ ಸುಳ್ಳು ಹೇಳುತ್ತೆ ಅಂತ ಇವತ್ತು ಗೊತ್ತಾಯ್ತು. ಇವನೂ ಕಾಯಬೇಕು” ಎಂದು ನಕ್ಕು, ಜೇಬಿನಿಂದ ಕಾಗದ ತೆಗೆದು ಅಜ್ಜಿ ಹೇಳಿದ್ದನ್ನು ಕೇಳಿ ಕೇಳಿ ಬರೆದುಕೊಂಡರು. ಯಾವ ಸಂಕ್ರಾಂತಿ, ಅದರ ಮುಂದೆ ಎಷ್ಟನೇ ದಿನ, ಹೊತ್ತು ಎಷ್ಟಾಗಿತ್ತು. “ಬರುವ ಜೂನಿಗೆ ಇವಳದೇ ಮೊದಲ ಹೆಸರು. ಕಳಿಸ್ತೀಯಾ?”

“ಕಳುಗ್ತೀನಿ ಸಾ. ಕೂಸು ನಂದು” ಎಂದಳು ಅಜ್ಜಿ, ಸೊಸೆಯ ಕಡೆ ತಿರುಗಿ.

ಆಷಾಢದಲ್ಲಿ ಹೆಣ್ಣುಮಗು ಹುಟ್ಟಿತು. ಪೈರು ನಾಟಿಗೆ ಊರಿನಲ್ಲಿ ಎಲ್ಲರೂ ಮೊದಲು ಕರೆಯುತ್ತಿದ್ದುದು ಬೆಟ್ಟಮ್ಮನನ್ನು. ಆ ವರ್ಷ ಅವಳು ಗದ್ದೆಯ ಪಕ್ಕದ ಹೊಂಗೆ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಕೂಸು ಮಲಗಿದಾಗ ನಾಟಿ ಮಾಡಿ, ಅತ್ತಾಗ ಎದ್ದು ಬರುತ್ತಿದ್ದಳು. ಕೂಲಿ ಅರ್ಧ ಸಿಕ್ಕಿತು. ಶಾಂತ ಕೂಸನ್ನು ಎತ್ತಿಕೊಳ್ಳಲಿಲ್ಲವೆಂದು ಹೇಳಲಾರೆ. ಎತ್ತಿಕೊಂಡಳು, ಆದರೆ ಸಂಜೆ ಮರಳಿನ ಮೊರ ತಪ್ಪಲಿಲ್ಲ.

ಮುಂದಿನ ಜೂನಿನಲ್ಲಿ ಮೇಷ್ಟ್ರು ರಿಜಿಸ್ಟರು ತೆಗೆದಾಗ ನಾನು ಅಲ್ಲಿದ್ದೆ. ಮೇಲಿಂದ ಕೆಳಗಿನವರೆಗೆ ಎಲ್ಲ ಮಕ್ಕಳೂ ಜೂನ್ ಒಂದನೇ ತಾರೀಕು ಹುಟ್ಟಿದವರೇ. ನಾನೂ ಹಾಗೆಯೇ. ಶಾಂತಕುಮಾರಿಯ ಮುಂದೆ ಮಾತ್ರ 18-1-1956 ಎಂದು ಬರೆದರು. “ಕೈ ಎತ್ತೋದು ಬೇಡ” ಎಂದರೂ ಅವಳು ಕತ್ತು ನೆಟ್ಟಗಿಟ್ಟುಕೊಂಡು ಕಿವಿ ಮುಟ್ಟಿ ತೋರಿಸಿಯೇ ಒಳಗೆ ಹೋದಳು. ವರ್ಷವೆಲ್ಲ ಮಾಡಿ ನೋಡಿಕೊಂಡಿದ್ದಳು.

ಆ ವರ್ಷವೂ ಕೆರೆಯಲ್ಲಿ ನೀರಿತ್ತು. ಕಾರು ರಾಗಿ ಮನೆಗೆ ಬಂದ ಸಂಜೆ ಅಜ್ಜಿ ಅಭ್ಯಾಸದಂತೆ ಸುಣ್ಣದ ಕುಡಿಕೆಯಲ್ಲಿ ಬೆರಳು ಅದ್ದಿದಳು. ಗೋಡೆಯಲ್ಲಿ ಈಗ ಮೂರು ಸಾಲು. ಜಾಗ ಸಾಲದೆ ಇನ್ನೊಂದು ಗೇಣು ಕೆಂಪಗೆ ಬಿಟ್ಟಿದ್ದಳು. ಶಾಂತ ಕೆಂಚನಿಗೆ ಮೊರದಲ್ಲಿ ತಿದ್ದಿಸುತ್ತಿದ್ದಳು. ಅಜ್ಜಿ ಬೆರಳನ್ನು ಗೋಡೆಯ ಹತ್ತಿರ ಹಿಡಿದು ತಡೆದಳು.

“ಸಾಂತ, ಇದುಕ್ಕೆ ಗೆರೆ ಎಳೀಲಾ, ಬ್ಯಾಡ್ವಾ?”

ಶಾಂತ ತಲೆ ಎತ್ತದೆ ಹೇಳಿದಳು. “ಬ್ಯಾಡ ಕಣಜ್ಜಿ. ಸಂಕ್ರಾಂತಿ ಬರ್ಲಿ.”

ಅಜ್ಜಿ ಸರಿ ಎಂದು ಆ ಸುಣ್ಣವನ್ನು ಎಲೆಗೆ ಸವರಿ ಬಾಯಿಗೆ ಹಾಕಿಕೊಂಡಳು.