ಜರಡಿ ಮಾವ

ಔಷಧಿಯ ಹೊತ್ತು ನೆನಪಿಸುವ ಒಂದು ಆ್ಯಪಿತ್ತು. ಅದಕ್ಕೆ ಯಾರು ಬೇಕಾದರೂ ಪುಕ್ಕಟೆ ಕೋಡ್ ಬರೆದು ಕಳಿಸಬಹುದು, ಆದರೆ ಅದು ಪರೀಕ್ಷಿಸಲು ಕೂತ ಜರಡಿ ಮಾವನ ಕಣ್ಣು ದಾಟಿಯೇ ಒಳಗೆ ಹೋಗಬೇಕು. ಆ ಅಡ್ಡಹೆಸರಿಟ್ಟವರು ಅವರ ಜರಡಿಯಲ್ಲಿ ತೌಡಾಗಿ ಮೇಲುಳಿದವರು. ಸ್ವರ್ಗದ ಬಾಗಿಲು ತೆರೆದರೂ "ಚಿಲಕ ಯಾಕೆ ಹೊರಗಿದೆ?" ಎಂದು ವಿಚಾರಿಸಿಯೇ ಒಳಗೆ ಕಾಲಿಡುವ ಆಸಾಮಿ ಅವರು. ತಪ್ಪು ಎಂಬ ಮಾತೇ ಅವರಲ್ಲಿಲ್ಲ, ಬರೀ ಪ್ರಶ್ನೆ: "ಯಾರಾದ್ರೂ ಮಾತ್ರೆಯ ಗಂಟೆ ತುಂಬದೆ ಖಾಲಿ ಬಿಟ್ರೆ ಏನಾಗುತ್ತಮ್ಮಾ?" "ಕೋಡಿನಲ್ಲಿಟ್ಟ ಈ ಹೆಸರು ಆರು ತಿಂಗಳಾದ್ಮೇಲೆ ನಿಮಗೇ ಅರ್ಥ ಆಗುತ್ತಾ?" ಮಗು ಮಲಗಿದಾಗ ಕದ್ದ ಹೊತ್ತಿನಲ್ಲಿ ಬರೆದ ಹತ್ತು ಸಾಲು ಮತ್ತೆ ವಾಪಸ್ಸು ಬಂದಾಗ, ಕೆಲಸ ಬಿಟ್ಟು ಮನೆಯಲ್ಲಿದ್ದ ಒಬ್ಬ ಎಳೆಯ ತಾಯಿಗೆ ತನ್ನ ಬುದ್ಧಿಯೂ ಬಾಣಂತನದಲ್ಲೇ ಸೋರಿಹೋಯಿತೇನೋ ಎಂದು ದಿಗಿಲಾಯಿತು. ಇನ್ನು ಕೈಬಿಡುವುದೇ ಸರಿ ಎಂದುಕೊಂಡು, ಕೊನೆಯದಾಗಿ ಬರೆದು ಕೇಳಿದಳು: "ಮಾವ, ನೀವೇ ತಿದ್ದಿದ್ರೆ ಎರಡು ನಿಮಿಷದ ಕೆಲಸ ಅಲ್ವಾ?" ಉತ್ತರ ಕೂಡಲೇ ಬಂತು: "ಹೌದು ತಾಯಿ. ಆದ್ರೆ ನಾನು ತಿದ್ದಿಬಿಟ್ರೆ ನೀವು ನೆಂಟರ ಹಾಗೆ ಬಂದು ಹೋಗ್ತೀರಿ. ಇಲ್ಲಿ ನೆಂಟರು ಬೇಕಾದಷ್ಟು ಜನ, ನನಗೆ ಬೇಕಿರೋದು ಮನೆಯವರು." ಅಷ್ಟರಲ್ಲಿ ಮಗು ಎದ್ದು ರಾಗ ತೆಗೆಯಿತು. ಅವಳು ಗಾಬರಿಯಾಗಲಿಲ್ಲ. ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ತಟ್ಟುತ್ತಾ, ಇನ್ನೊಂದು ಕೈಯಲ್ಲಿ ಮತ್ತೆ ಮೊದಲ ಸಾಲಿನಿಂದ ತಿದ್ದತೊಡಗಿದಳು.