ಕನ್ಯಾ ನೋಡಲು ಬಂದವರಿಗೆ ನೀರು ಕೊಡದ ಅಕ್ಕ

ಮನೆಗೆ ಬಂದವರಿಗೆ ಮೊದಲು ನೀರು. ಮಾತುಕತೆ, ಚಹಾ ಎಲ್ಲ ಆಮೇಲೆ. ನಮ್ಮ ಕಡೆ ವೈರಿ ಬಂದರೂ ಇದೇ ಕಾನೂನು. ಅಂಥದ್ದರಲ್ಲಿ ಯಲಬುರ್ಗಾದ ನನ್ನ ಅಕ್ಕ, ಕಳೆದ ಭಾನುವಾರ ಮಗಳನ್ನು ನೋಡಲು ಕುಷ್ಟಗಿಯಿಂದ ಬಂದ ಗಂಡಿನ ಕಡೆಯವರಿಗೆ ಒಂದು ಲೋಟ ನೀರೂ ಕೊಡಲಿಲ್ಲ!

ಈ ಸಂಬಂಧ ಕೂಡಿಬರಲಿ ಎಂದು ಮನೆಮಂದಿಯೆಲ್ಲ ಹರಕೆ ಹೊತ್ತಿದ್ದರು (ನನ್ನದೂ ಒಂದು ತೆಂಗಿನಕಾಯಿ ಇತ್ತು).

ಆಗಿದ್ದಿಷ್ಟು. ಅಂದು ಬೆಳಿಗ್ಗೆ ಓಣಿಯ ಮಕ್ಕಳಿಗೆ ಒಬ್ಬರ ಹಿಂದೊಬ್ಬರಿಗೆ ವಾಂತಿಭೇದಿ ಶುರುವಾಗಿತ್ತು. ಅಲ್ಲಿ ನಲ್ಲಿಯ ಪೈಪು ಹಾದುಹೋಗುವುದು ಚರಂಡಿಯೊಳಗೇ. ಅಕ್ಕನಿಗೆ ಅನುಮಾನ ಬಂತು. ಆಶಾ ಕಾರ್ಯಕರ್ತೆಗೆ ಫೋನ್ ಮಾಡಲು ಹೊರಟರೆ ಅಕ್ಕನ ಗಂಡ, ನಮ್ಮ ಮಾವ, ಅಡ್ಡ ಬಂದರು.

"ಬೀಗರು ಬರೂ ಹೊತ್ತಿನ್ಯಾಗ ಓಣಿ ತುಂಬಾ ದವಾಖಾನಿ ಮಂದಿ ಅಡ್ಡಾಡಿದ್ರ ಹೆಂಗ? ಸಂಜಿತನಕ ಸುಮ್ಕಿರು."

"ಸಂಜಿತನಕ ಬ್ಯಾನಿ ಸುಮ್ಕಿರ್ತೈತೇನ್ರಿ?" ಅಂದವಳೇ ಫೋನ್ ಮಾಡಿಯೇಬಿಟ್ಟಳು.

ನಮ್ಮಜ್ಜಿಯ ಕಾಲದಲ್ಲಿ ಕಾಲರಾ ಬಂದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕುತ್ತಿತ್ತಂತೆ. ಸಿಡುಬನ್ನು ಸೂಜಿ ಓಡಿಸಿತು, ಪೋಲಿಯೋವನ್ನು ಎರಡು ಹನಿ. ಆದರೆ ಚರಂಡಿಯಲ್ಲಿ ಸೋರುವ ಪೈಪಿಗೆ ಯಾವ ವ್ಯಾಕ್ಸಿನ್ ಹಾಕಿಸುತ್ತೀರಿ? ಅದನ್ನು ರಿಪೇರಿಯೇ ಮಾಡಬೇಕು. ರಿಪೇರಿ ಆಗಬೇಕಾದರೆ ಯಾರಾದರೂ ಮೊದಲು ಬಾಯಿ ಬಿಡಬೇಕು. ರೋಗದ ಮೇಲೆ ಕಣ್ಣಿಡುವ ಸರ್ವೇಲನ್ಸ್ ಎಂಬ ದೊಡ್ಡ ಮಾತಿನ ಬುಡದಲ್ಲಿರುವುದು ಇಷ್ಟೇ. ಮರ್ಯಾದೆಗೆ ಅಂಜಿ ನಾವು ಬಾಯಿ ಬಿಡುವುದಿಲ್ಲ.

ಗಂಡಿನ ಕಡೆಯವರು ಬಂದರು. ಕೂತರು. ನೀರಿಲ್ಲ. ಹುಡುಗನ ಕಾಕಾ ಮುಖ ಗಂಟು ಹಾಕಿದರು.

"ಏನವಾ, ಯಲಬುರ್ಗಾದಾಗ ನೀರು ಕೊಡೂ ಪದ್ಧತಿ ಇಲ್ಲೇನು?"

ಅಕ್ಕ ಏನನ್ನೂ ಮುಚ್ಚಿಡಲಿಲ್ಲ. "ನಲ್ಲಿ ನೀರು ಕೆಟ್ಟಾವ್ರಿ. ಓಣ್ಯಾಗ ಹುಡುಗ್ರಿಗೆ ವಾಂತಿಭೇದಿ ಹತ್ತೈತಿ. ನಾನೇ ಫೋನ್ ಮಾಡಿ ಮಂದೀನ ಕರಿಸೀನಿ. ಕುದಿಸಿದ ನೀರು ಆರಾಕ ಇಟ್ಟೀನಿ, ಒಂಚೂರು ತಡೀರಿ. ನಿಮಗ ಸಿಟ್ಟು ಬಂದ್ರ ಬರಲಿ, ಜಡ್ಡು ಬರಬಾರದು."

ಮಾವ ಗೋಡೆ ನೋಡುತ್ತಿದ್ದರು. ಹೊರಗೆ ಪೈಪು ಅಗೆಯುವ ಸಪ್ಪಳ. ನನಗಂತೂ, ಸಂಬಂಧ ಹೋದರೆ ಹೋಗಲಿ, ಇಂಥವಳ ತಮ್ಮ ನಾನು ಎಂದು ಎದೆಯುಬ್ಬಿತು.

ಹುಡುಗನ ತಾಯಿಯ ತೊಡೆಯ ಮೇಲೆ ಪುಟ್ಟ ಮೊಮ್ಮಗಳಿದ್ದಳು. ಪುಡಿ ಹಾಲು ಕಲಸಲು ಈ ಮನೆಯ ನೀರನ್ನೇ ನೆಚ್ಚಿ ಬಂದಿದ್ದರು. ಕೈಯಲ್ಲಿದ್ದ ಖಾಲಿ ಬಾಟಲಿ ನೋಡಿದರು, ಕೂಸನ್ನು ನೋಡಿದರು. ಆಮೇಲೆ ಮೈದುನನ ಕಡೆ ತಿರುಗಿದರು.

"ಸುಮ್ಕಿರಪಾ. ಹುಡುಗೀನ ಆಮ್ಯಾಲ ನೋಡೂಣು. ನನಗ ಮೊದಲ ಬೀಗತಿ ಪಸಂದ್ ಆಗ್ಯಾಳ!"